ಅರ್ಧ ಕಥೆ ಚಿತ್ರ ಬಿಡಿಸುವವರಿಗೆ ಬಿಡಿ

ನಮಸ್ಕಾರ. ಕಾರವಾರದಿಂದ ಮಾತಾಡ್ತಾ ಇದ್ದೇನೆ. ಇವತ್ತಿನ ವಿಷಯ ಪುಟ್ಟ ಮಕ್ಕಳ ಚಿತ್ರಪುಸ್ತಕ. ಅಂಗನವಾಡಿಗೆ ಹೋಗುವ ವಯಸ್ಸಿನ ಮಕ್ಕಳದ್ದು.

ನಮ್ಮಲ್ಲಿ ಇದನ್ನು ಬರೆಯುವ ಕ್ರಮವೇ ನನಗೆ ಸರಿ ಕಾಣುವುದಿಲ್ಲ. ಮೊದಲು ಪೂರ್ತಿ ಕಥೆ ಬರೆದು ಮುಗಿಸುತ್ತಾರೆ. ಅದರಲ್ಲಿ ನೀಲಿ ಸಮುದ್ರ, ಕೆಂಪು ದೋಣಿ, ಉದ್ದ ತೆಂಗಿನ ಮರ ಎಲ್ಲ ಇರುತ್ತದೆ. ಆಮೇಲೆ ಚಿತ್ರ ಬಿಡಿಸುವವರನ್ನು ಹುಡುಕುತ್ತಾರೆ. ಅವರು ಪಾಪ, ಅದೇ ನೀಲಿ ಸಮುದ್ರ, ಅದೇ ಕೆಂಪು ದೋಣಿ ಬಿಡಿಸಿ ಕೊಡುತ್ತಾರೆ. ದೋಣಿ ಕೆಂಪು ಅನ್ನೋದು ಮಗುವಿಗೆ ಕಾಣುತ್ತದೆ ಅಲ್ವಾ? ಮತ್ತೆ ಹೇಳುವುದು ಯಾಕೆ?

ಇಲ್ಲಿಯದೇ ಒಂದು ಸಂಗತಿ ತೆಗೆದುಕೊಳ್ಳೋಣ. 2024ರ ಆಗಸ್ಟ್ 7. ನಡುರಾತ್ರಿ ದಾಟಿತ್ತು. ಕಾಳಿ ನದಿಯ ಹಳೇ ಸೇತುವೆ ಕುಸಿಯಿತು. ಅದರ ಮೇಲಿದ್ದ ಲಾರಿ ನೀರಿಗೆ ಬಿತ್ತು. ಮೀನುಗಾರರು, ಪೊಲೀಸರು ಸೇರಿ ಚಾಲಕನನ್ನು ಉಳಿಸಿದರು.

"ಅಯ್ಯೋ, ಸಣ್ಣ ಮಕ್ಕಳಿಗೆ ಸೇತುವೆ ಬೀಳೋ ಕಥೆಯಾ?" ಅಂತ ಕೇಳುವವರು ಇದ್ದೇ ಇರುತ್ತಾರೆ. ಹೌದು, ಅದೇ ಕಥೆ. ನದಿಯಾಚೆ ಸದಾಶಿವಗಡದ ಕಡೆಯ ಮಕ್ಕಳು ಮುರಿದ ಸೇತುವೆಯನ್ನು ಕಣ್ಣಾರೆ ನೋಡಿದ್ದಾರೆ. ನಾವು ಮುಚ್ಚಿಟ್ಟು ಏನು ಸಾಧಿಸುತ್ತೇವೆ? ಅಲ್ಲದೆ ಅದು ಬಿದ್ದ ಕಥೆಗಿಂತ ಜಾಸ್ತಿ, ಎತ್ತಿ ತಂದ ಕಥೆ.

ಈಗ ನಾಲ್ಕು ಎ4 ಹಾಳೆ ತೆಗೆದುಕೊಳ್ಳಿ. ಒಟ್ಟಿಗೆ ನಡುವೆ ಮಡಚಿ ಪಿನ್ ಹೊಡೆಯಿರಿ. 16 ಪುಟದ ಪುಸ್ತಕ ಆಯಿತು. ಮೊದಲ ಪುಟ ಹೆಸರಿಗೆ ಹೋಯಿತು, ಕೊನೆಯದು ಪ್ರಕಾಶಕರ ವಿವರಕ್ಕೆ. ಉಳಿದದ್ದು ಎದುರುಬದುರು ಕೂರುವ ಏಳು ಜೋಡಿ ಪುಟ. ಇಂಗ್ಲಿಷಿನ ಚಿತ್ರಪುಸ್ತಕಗಳು ಹೆಚ್ಚಾಗಿ 32 ಪುಟ ಇರುತ್ತವೆ. ದೊಡ್ಡ ಹಾಳೆಯಲ್ಲಿ ಅಚ್ಚು ಹಾಕಿ ಮಡಚುವ ಲೆಕ್ಕ ಅದು. ನಮಗೆ ಏಳು ಜೋಡಿ ಧಾರಾಳ ಸಾಕು.

ಮೊದಲನೇ ಜೋಡಿ: ಕತ್ತಲೆ, ಸೇತುವೆ, ಲಾರಿಯ ಸಣ್ಣ ಬೆಳಕು. ಮಾತು ಬೇಡ. ಎರಡನೆಯದು: "ಢಬ್!" ಅಷ್ಟೇ, ಪುಟದ ತುಂಬ. ಮೂರನೆಯದರಲ್ಲಿ ದಡದ ಮನೆಗಳ ಕಿಟಕಿಯಲ್ಲಿ ಒಂದೊಂದೇ ದೀಪ. ಮಾತು, "ಏನದು?"

ನಾಲ್ಕನೆಯದು ನನಗೆ ತುಂಬ ಇಷ್ಟ. "ಟಾರ್ಚ್ ಹಿಡಿದು, ಕತ್ತಲಲ್ಲಿ, ಮೀನುಗಾರರ ದೋಣಿ ಲಾರಿಯ ಹತ್ತಿರ..." ಅಲ್ಲಿಗೆ ಪುಟ ಮುಗಿಯಿತು. ಬಂತಾ, ಬರಲಿಲ್ವಾ? ಪುಟ ತಿರುಗಿಸಿದ ಮೇಲೇ ಗೊತ್ತಾಗುವುದು. ಐದನೆಯದರಲ್ಲಿ, "...ಬಂತು!" ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಹೌದೋ ಅಲ್ಲವೋ ಅನ್ನೋದೂ ಕೊನೆಗೇ. ಪುಟ ತಿರುಗಿಸುವ ಪುಸ್ತಕಕ್ಕೆ ಇದಕ್ಕಿಂತ ಒಳ್ಳೆಯ ವಾಕ್ಯರಚನೆ ಎಲ್ಲಿ ಸಿಗುತ್ತದೆ ಹೇಳಿ? ನಾವು ಮಾತ್ರ ಪ್ರತಿ ಪುಟದಲ್ಲೂ ವಾಕ್ಯ ಮುಗಿಸಿ ಪೂರ್ಣವಿರಾಮ ಇಟ್ಟು ಸುಮ್ನೆ ಕೂರುತ್ತೇವೆ.

ಆರನೆಯದಕ್ಕೆ ಒಂದಕ್ಷರವೂ ಬೇಡ. ಕೈ ಹಿಡಿದು ಮೇಲೆಳೆಯುವ ಚಿತ್ರ ಸಾಕು. ಏಳನೆಯದರಲ್ಲಿ ದೋಣಿ ದಡದ ಕಡೆ ಹೊರಟಿದೆ. ಯಾರೋ ಕೇಳುತ್ತಾರೆ, "ಚಳಿ ಆಯ್ತಾ ಅಣ್ಣಾ?" ಮುಗಿಯಿತು. "ಮಕ್ಕಳೇ, ಕಷ್ಟದಲ್ಲಿರುವವರಿಗೆ ನೆರವಾಗಬೇಕು" ಅಂತ ಕೆಳಗೆ ಸೇರಿಸಲು ಕೈ ತುರಿಸುತ್ತದೆ. ತುರಿಸಲಿ, ಸೇರಿಸಬೇಡಿ.

ಮಾತು ಕಮ್ಮಿ ಇದ್ದರೆ ನಮ್ಮ ಕಡೆ ಇನ್ನೊಂದು ಲಾಭ ಇದೆ. ಕಾರವಾರದಲ್ಲಿ ಎಷ್ಟೋ ಮನೆಗಳ ಮಾತು ಕೊಂಕಣಿ. ಅಂಗನವಾಡಿಯಲ್ಲಿ ಕನ್ನಡ. ಪುಸ್ತಕದ ತುಂಬ ಗ್ರಾಂಥಿಕ ಕನ್ನಡ ತುಂಬಿಸಿದರೆ ಮನೆಯಲ್ಲಿ ಅಜ್ಜಿ ಅದನ್ನು ಪಕ್ಕಕ್ಕಿಡುತ್ತಾಳೆ. ಚಿತ್ರವೇ ಕಥೆ ಹೇಳುತ್ತಿದ್ದರೆ ಅವಳು ತನ್ನ ಕೊಂಕಣಿಯಲ್ಲೇ ಹೇಳುತ್ತಾಳೆ. ಈ ವಯಸ್ಸಿನ ಮಗು ತಾನೇ ಓದುವುದಿಲ್ಲ, ಪಕ್ಕದಲ್ಲಿ ಕೂತವರು ಓದಿ ಹೇಳಬೇಕು. ಬರೆಯುವಾಗ ನಾವು ಮರೆಯುವುದೇ ಆ ಪಕ್ಕದಲ್ಲಿ ಕೂತವರನ್ನು.

ಆದರೆ ಚಿತ್ರದ ಮೇಲೆ ಇಷ್ಟು ಭಾರ ಹೊರಿಸಿದರೆ ಚಿತ್ರ ಸರಿ ಇರಬೇಕು. ಇಂಟರ್‌ನೆಟ್ಟಿನಲ್ಲಿ ಸಿಗುವ ಹಾಯಿ ದೋಣಿ ತಂದು ಕಾಳಿ ನದಿಯಲ್ಲಿ ಬಿಟ್ಟರೆ ಇಲ್ಲಿನ ಮಗು ನಗುತ್ತದೆ. ಅದು ದಿನಾ ನೋಡುವುದು ಪಾತಿ ದೋಣಿ, ನಮ್ಮ ಮೀನುಗಾರರ ಸಣ್ಣ ದೋಣಿ. ಚಿತ್ರ ಬಿಡಿಸುವವರು ಇಲ್ಲೇ ನದಿ ದಡದ ಕೋಡಿಬಾಗಕ್ಕೆ ಬರಲಿ. ದೋಣಿಯ ಮೂತಿ ಎಷ್ಟು ಎತ್ತರ, ಬಲೆ ಎಲ್ಲಿ ಇಟ್ಟಿರುತ್ತಾರೆ, ಕೂತವನ ಮಂಡಿ ಎಲ್ಲಿಗೆ ಬರುತ್ತದೆ, ನೋಡಲಿ. ಅವತ್ತು ರಾತ್ರಿ ಹೋದವರ ಹತ್ತಿರ ಕೂತು ಕೇಳಲಿ. ಬರೆಯುವವರೂ ಜೊತೆಗೆ ಬನ್ನಿ.

ಬಸ್ಸಿನ ಖರ್ಚು ಯಾರು ಕೊಡಬೇಕು? ಪ್ರಕಾಶಕರು. ಹಣದ ಮಾತು ಬಂದ ಮೇಲೆ ಇದನ್ನೂ ಹೇಳಿಬಿಡುತ್ತೇನೆ. ಎಷ್ಟೋ ಪುಸ್ತಕಗಳಲ್ಲಿ ಬರೆದವರ ಹೆಸರು ಮುಖಪುಟದಲ್ಲಿ ದಪ್ಪ ಅಕ್ಷರದಲ್ಲಿರುತ್ತದೆ. ಚಿತ್ರ ಬಿಡಿಸಿದವರದ್ದು ಒಳಗೆಲ್ಲೋ ಇರುವೆ ಸಾಲಿನ ಹಾಗೆ. ನಾನು ಈಗ ಹೇಳಿದ ಕಥೆಯಲ್ಲಿ ಬರೆದವರ ಶಬ್ದ ಇಪ್ಪತ್ತು ದಾಟುವುದಿಲ್ಲ. ಹಾಗಾಗಿ ಇಬ್ಬರ ಹೆಸರೂ ಮುಖಪುಟದಲ್ಲಿ ಒಂದೇ ಅಳತೆಯಲ್ಲಿ ಬರಲಿ. ಸಂಭಾವನೆ ಅರ್ಧ ಅರ್ಧ. ಚಿತ್ರಕ್ಕೇ ಜಾಸ್ತಿ ಕೊಟ್ಟರೂ ನನ್ನದು ತಕರಾರಿಲ್ಲ.