ಉಪಗ್ರಹವು ಇನ್ನು ನೆಲವನ್ನು ನೋಡಲಿ

ಕೇಳುಗ ಬಾಂಧವರಿಗೆ ನಮಸ್ಕಾರ. ಮುಂಗಾರು ಕಾಲಿಟ್ಟಿತೆಂದರೆ ಮೊಬೈಲುಗಳಲ್ಲಿ ಉಪಗ್ರಹ ಚಿತ್ರಗಳು ಹರಿದಾಡತೊಡಗುತ್ತವೆ. ದಕ್ಷಿಣ ಭಾರತವೆಲ್ಲ ಬಿಳಿಯ ಮೋಡದಲ್ಲಿ ಮುಚ್ಚಿಹೋದ ಚಿತ್ರವೊಂದನ್ನು ಮುಂದೆ ಹಿಡಿದು, ‘ನಮ್ಮ ಹೊಲಕ್ಕೆ ಮಳೆ ಯಾವಾಗ?’ ಎಂದು ಕೇಳುವವರಿಗೆ ಉತ್ತರಿಸಿ ಉತ್ತರಿಸಿ, ನಿಜ ಹೇಳಬೇಕೆಂದರೆ, ನನಗೆ ಸಾಕಾಗಿದೆ. ಕೋಲಾರ ಜಿಲ್ಲೆಯ ರೈತರಿಗೆ ನಾನು ಹೇಳಬೇಕಾದದ್ದು ಒಂದೇ ಮಾತು: ಉಪಗ್ರಹಗಳು ಇದುವರೆಗೆ ಮೋಡವನ್ನು ನೋಡಿದ್ದು ಸಾಕು, ಇನ್ನು ಅವು ನೆಲವನ್ನು ನೋಡಬೇಕು.

2024ರ ಫೆಬ್ರವರಿಯಲ್ಲಿ ಶ್ರೀಹರಿಕೋಟದಿಂದ ಹಾರಿದ ನಮ್ಮ ಹವಾಮಾನ ಉಪಗ್ರಹ ಇನ್ಸಾಟ್-3ಡಿಎಸ್ ಸುಮಾರು 36,000 ಕಿಲೋಮೀಟರ್ ಎತ್ತರದಿಂದ ಹಗಲೂ ರಾತ್ರಿಯೂ ನಮ್ಮತ್ತಲೇ ನೋಡುತ್ತಿದೆ. ಅದರ ಅವಗೆಂಪು ಕಣ್ಣಿಗೆ ಕಾಣುವುದು ಮೋಡದ ನೆತ್ತಿ ಮಾತ್ರ. ನೆತ್ತಿ ತಣ್ಣಗಿದ್ದಷ್ಟೂ ಮೋಡ ಎತ್ತರವಾಗಿದೆ, ಮಳೆಯ ಸಂಭವ ಹೆಚ್ಚಿದೆ ಎಂದು ಲೆಕ್ಕ ಹಾಕುತ್ತೇವೆ. ಆದರೆ ಆ ನೆತ್ತಿಯು ಮೇಲ್ಗಾಳಿಗೆ ಕೊಡೆಯಂತೆ ಹರಡಿಕೊಂಡಿರುತ್ತದೆ, ಮಳೆ ಸುರಿಯುವುದು ಆ ಕೊಡೆಯ ಹಿಡಿಯಷ್ಟು ಅಗಲದಲ್ಲಿ. ಆದ್ದರಿಂದಲೇ ಒಂದೇ ಬಿಳುಪಿನಡಿಯಲ್ಲಿ ಶ್ರೀನಿವಾಸಪುರ ನೆನೆಯುತ್ತದೆ, ಬಂಗಾರಪೇಟೆ ಒಣಗಿರುತ್ತದೆ. ಮೋಡದೊಳಗಿನ ಹನಿಗಳನ್ನೇ ಗ್ರಹಿಸುವ ಮೈಕ್ರೋವೇವ್ ಉಪಕರಣಗಳು ಕೆಳಕಕ್ಷೆಯ ಉಪಗ್ರಹಗಳಲ್ಲಿವೆ. ಅವು ನಮ್ಮ ನೆತ್ತಿಯ ಮೇಲೆ ಹಾದು ಹೊರಟುಹೋಗುತ್ತವೆ. ಒಂದು ಹೋದರೆ ಇನ್ನೊಂದು ಬರುವಂತೆ ಇಂಥವನ್ನು ಸಣ್ಣ ಸಣ್ಣ ಉಪಗ್ರಹಗಳ ಹಿಂಡಾಗಿ ಹಾರಿಸುವ ಪ್ರಯೋಗ ಈಗಾಗಲೇ ನಡೆದಿದೆ, ಅದು ಬೆಳೆಯಲೇಬೇಕು.

ಆದರೆ ಮಳೆಯ ಲೆಕ್ಕ ಸರಿಹೋದರೆ ನೀರಿನ ಲೆಕ್ಕವೂ ಸರಿಹೋಗುತ್ತದೆಯೇ? ಇದನ್ನು ನನಗೆ ತಿಳಿಸಿಕೊಟ್ಟವರು ಮುಳಬಾಗಿಲು ತಾಲ್ಲೂಕಿನಲ್ಲಿ ಕೆರೆಯ ನೀರು ನೋಡಿಕೊಳ್ಳುವ ಒಬ್ಬ ವೃದ್ಧ ನೀರುಗಂಟಿ. ಒಂದು ಹಿಂಗಾರಿನಲ್ಲಿ ರಾತ್ರಿಯಿಡೀ ಮಳೆ ಹೊಡೆದಿತ್ತು. ಬೆಳಗಾಗುತ್ತಲೇ ಕೆರೆಯ ಏರಿಯ ಮೇಲೆ ನಿಂತು, ‘ತಾತ, ಇಷ್ಟು ಮಳೆಗೆ ಕೆರೆಗೆ ಎಷ್ಟು ನೀರು ಬಂದೀತು?’ ಎಂದು ಕೇಳಿದೆ. ಅವರು ಕೆರೆಯತ್ತ ತಿರುಗಿಯೂ ನೋಡಲಿಲ್ಲ. ಮೇಲುಗಡೆಯ ರಾಗಿ ಹೊಲಕ್ಕೆ ನನ್ನನ್ನು ಕರೆದೊಯ್ದು, ಕೆಮ್ಮಣ್ಣಿಗೆ ಹಾರೆ ಹಾಕಿ ಒಂದು ಹೆಂಟೆ ಎಬ್ಬಿಸಿದರು. ಮೇಲಿನ ಗೇಣು ಮಣ್ಣು ಒದ್ದೆ, ಅದರ ಕೆಳಗೆ ಪುಡಿಪುಡಿ. ‘ನೆಲ ಇನ್ನೂ ಕುಡೀತಾ ಐತೆ ಸ್ವಾಮಿ. ಅದು ಕುಡಿದು ಬಿಟ್ಟಿದ್ದು ತಾನೇ ಕೆರೆಗೆ?’ ಎಂದರು. ಅಂದು ತೂಬಿನ ಬುಡದಲ್ಲಿ ನಿಂತದ್ದು ಬರೀ ಕೆಸರು. ಕೆಲವು ದಿನಗಳ ಬಳಿಕ ಅದಕ್ಕಿಂತ ಎಷ್ಟೋ ಸಣ್ಣ ಮಳೆ ಬಂದಾಗ ಕಾಲುವೆಗಳೆಲ್ಲ ಕೆಂಪಾಗಿ ಹರಿದು, ತೂಬಿನ ಕಲ್ಲುಕಂಬ ಅರ್ಧ ಮುಳುಗಿತು. ತಾತ ಆ ಎರಡನೆಯ ಮಳೆಗೆ ಮುಂಚೆಯೇ, ಈ ಸಲ ನೀರು ಬರುತ್ತದೆಂದು, ಕಾಲುವೆಗಳ ಹೂಳು ತೆಗೆಸಿಟ್ಟಿದ್ದರು.

ಜಲವಿಜ್ಞಾನದ ಮುಂದಿನ ದಾರಿಯೂ ಆ ಹಾರೆಯ ಕೆಲಸವನ್ನು ಆಕಾಶದಿಂದ ಮಾಡುವುದೇ ಆಗಿದೆ. 2015ರಲ್ಲಿ ಹಾರಿದ ಅಮೆರಿಕದ ಸ್ಮ್ಯಾಪ್ ಉಪಗ್ರಹ ಎರಡು ಮೂರು ದಿನಕ್ಕೊಮ್ಮೆ ಮೇಲ್ಮಣ್ಣಿನ ತೇವವನ್ನು ಅಳೆಯುತ್ತದೆ, ಆದರೆ ಅದು ಒಂದೇ ಅಳತೆ ಕೊಡುವ ಒಂದೊಂದು ಚೌಕ ಸುಮಾರು 36 ಕಿಲೋಮೀಟರ್ ಅಗಲ. ನಮ್ಮ ಇಡೀ ಜಿಲ್ಲೆಯ ವಿಸ್ತೀರ್ಣ ಅಂಥ ಮೂರು ನಾಲ್ಕು ಚೌಕಗಳಷ್ಟೆ! 2025ರ ಜುಲೈ 30ರಂದು ಇಸ್ರೋ ಮತ್ತು ನಾಸಾ ಸೇರಿ ಹಾರಿಸಿದ ನಿಸಾರ್‌ನ ರೇಡಾರ್ ಹೊಲಗಳ ಮಟ್ಟದ ವಿವರವನ್ನು ಕಾಣಬಲ್ಲದು, ಆದರೆ 12 ದಿನಗಳಿಗೆ ಎರಡೇ ಬಾರಿ. ಒಂದರ ಚುರುಕನ್ನೂ ಇನ್ನೊಂದರ ಸೂಕ್ಷ್ಮವನ್ನೂ ಬೆಸೆದು, ನಡುವಿನ ದಿನಗಳನ್ನು ಮಳೆಯ ಅಂದಾಜಿನಿಂದ ತುಂಬಿದರೆ, ಯಾವ ಕೆರೆಗೆ ನೀರು ಹರಿದೀತೆಂದು ಮೊದಲೇ ಹೇಳಬಹುದು. ಸಂಶೋಧನೆಯ ಹಣವೂ ಜನವೂ ಹೋಗಬೇಕಾದದ್ದು ಇಲ್ಲಿಗೆ.

ಸಮಯ ಮುಗಿಯುತ್ತಿದೆಯೆಂದು ಕಾರ್ಯಕ್ರಮದವರು ಸನ್ನೆ ಮಾಡುತ್ತಿದ್ದಾರೆ. ಅಂತರ್ಜಲದ ಬಗ್ಗೆ ಒಂದೇ ವಾಕ್ಯ: ಗುರುತ್ವವನ್ನು ಅಳೆಯುವ ಗ್ರೇಸ್-ಎಫ್ಒ ಜೋಡಿ ಉಪಗ್ರಹಗಳು ನೂರಾರು ಕಿಲೋಮೀಟರ್ ವಿಸ್ತಾರದ ಪ್ರದೇಶದ ನೀರಿನ ಏರಿಳಿತವನ್ನು ತೋರಿಸುತ್ತವೆ, ನಿಮ್ಮ ಕೊಳವೆಬಾವಿಯಲ್ಲಿ ಎಷ್ಟು ನೀರಿದೆಯೆಂದು ಅವನ್ನು ಕೇಳಿ ಫಲವಿಲ್ಲ.

ಆಕಾಶದ ಅಳತೆ ಸರಿಯೇ ತಪ್ಪೇ ಎಂದು ನಾವು ತಾಳೆ ನೋಡುವುದು ನಿಮ್ಮೂರಿನ ಅಳತೆಯೊಂದಿಗೆ. ಆದ್ದರಿಂದ ನಿಮ್ಮ ಪಂಚಾಯಿತಿಯ ಮಳೆಮಾಪಕದ ಮೇಲೆ ಹೊಂಗೆಯ ಕೊಂಬೆ ಚಾಚಿಕೊಂಡಿದ್ದರೆ ಈ ವಾರವೇ ಕಡಿಸಿ. ನಮಸ್ಕಾರ.