ನಾರಾದಲ್ಲಿ ಒಂದು ರಾತ್ರಿ

ಕೇಳುಗರಿಗೆ ನಮಸ್ಕಾರ.

ಜಪಾನಿಗೆ ಹೋಗುವ ನಮ್ಮವರಲ್ಲಿ ಹೆಚ್ಚಿನವರು ಕ್ಯೋಟೋ ನಗರಕ್ಕೆ ಮೂರು ನಾಲ್ಕು ದಿನಗಳನ್ನು ಮೀಸಲಿಟ್ಟು, ನಾರಾವನ್ನು ಬೆಳಿಗ್ಗೆ ಹೋಗಿ ಸಂಜೆಗೆ ಮರಳುವ ಊರೆಂದು ಎಣಿಸುತ್ತಾರೆ. ಕ್ಯೋಟೋದಿಂದ ಕಿಂಟೆತ್ಸು ಕಂಪನಿಯ ಲಿಮಿಟೆಡ್ ಎಕ್ಸ್‌ಪ್ರೆಸ್ ರೈಲಿನಲ್ಲಿ ಸುಮಾರು 35 ನಿಮಿಷಗಳ ದಾರಿಯಾದುದರಿಂದ ಹಾಗೆ ತೋರುವುದು ಸಹಜ. ಆದರೂ ಅಲ್ಲಿ ಒಂದು ರಾತ್ರಿ ತಂಗಿರಿ ಎಂಬುದು ನನ್ನ ಬಿನ್ನಹ.

ಕ್ಯೋಟೋ ರಾಜಧಾನಿಯಾಗುವ ಮೊದಲು, 710ರಿಂದ 784ರವರೆಗೆ, ಬಹುಮಟ್ಟಿಗೆ ನಾರಾವೇ ಜಪಾನಿನ ರಾಜಧಾನಿಯಾಗಿತ್ತು. ಅಲ್ಲಿನ ತೋದಾಯ್‌ಜಿ ದೇವಾಲಯದಲ್ಲಿ ಸುಮಾರು 15 ಮೀಟರ್ ಎತ್ತರದ ವೈರೋಚನ ಬುದ್ಧನ ಕಂಚಿನ ಮೂರ್ತಿಯಿದೆ. ಹೊಸ ವಿಗ್ರಹಕ್ಕೆ ಕಣ್ಣು ತೆರೆಸುವ ನೇತ್ರೋನ್ಮೀಲನವನ್ನು ನಾವೆಲ್ಲ ಬಲ್ಲೆವಷ್ಟೆ. 752ರಲ್ಲಿ ಈ ಮಹಾಬುದ್ಧನಿಗೆ ಅದೇ ವಿಧಿಯನ್ನು ನೆರವೇರಿಸಿ, ಕುಂಚದಿಂದ ಕಣ್ಣು ಬರೆದವನು ಭಾರತದಿಂದ ಕಡಲು ದಾಟಿ ಹೋಗಿದ್ದ ಬೋಧಿಸೇನನೆಂಬ ಭಿಕ್ಷು. ನೆರೆದವರಿಗೂ ಆ ಪುಣ್ಯ ಸಲ್ಲಲೆಂದು ಕುಂಚಕ್ಕೆ ಉದ್ದನೆಯ ನೀಲಿ ರೇಷ್ಮೆಯ ಹುರಿಯನ್ನು ಕಟ್ಟಿ, ಅದನ್ನು ಅವರ ಕೈಗೆ ಕೊಟ್ಟಿದ್ದರು. ಆ ಕುಂಚವೂ ಹುರಿಯೂ ಶೋಸೋಯಿನ್ ಭಂಡಾರದ ಸಂಗ್ರಹದಲ್ಲಿ ಇಂದಿಗೂ ಉಳಿದಿವೆ. ಮಹಾಬುದ್ಧನ ಮಂದಿರ ಮಾತ್ರ ಯುದ್ಧಗಳಲ್ಲಿ ಎರಡು ಬಾರಿ ಸುಟ್ಟುಹೋಯಿತು. ಈಗಿನದು 1709ರಲ್ಲಿ ಮುಗಿದದ್ದು, ಮೊದಲಿನದಕ್ಕಿಂತ ಕಿರಿದು.

ಮಧ್ಯಾಹ್ನ ತಲುಪಿ, ಸಾಮಾನನ್ನು ವಸತಿಯಲ್ಲಿಟ್ಟು, ಸಂಜೆ ನಿಗತ್ಸುದೋ ಮಂದಿರದ ಜಗಲಿಗೆ ಏರಿರಿ. ಅಲ್ಲಿಂದ ಸೂರ್ಯ ಇಡೀ ಊರಿನಾಚೆ ಮುಳುಗುವುದು ಕಾಣುತ್ತದೆ. ಮರುದಿನ ಬೆಳಿಗ್ಗೆ, ಕ್ಯೋಟೋದ ಪ್ರವಾಸಿಗರು ಬರುವ ಮುನ್ನವೇ ಮಹಾಬುದ್ಧನ ಮುಂದೆ ನಿಂತಿರಿ. ಅನಂತರ ಸುಮಾರು 3000 ಕಲ್ಲು ಮತ್ತು ಲೋಹದ ದೀಪಗಳಿರುವ ಕಸುಗಾ ದೇಗುಲಕ್ಕೆ ಮರಗಳ ನೆರಳಿನಲ್ಲೇ ನಡೆದು ಹೋಗಬಹುದು. ದಾರಿಯಲ್ಲಿ ಜಿಂಕೆಗಳು ಎದುರಾಗುತ್ತವೆ. ಅವಕ್ಕೆಂದೇ ಮಾರುವ ಬಿಸ್ಕತ್ತನ್ನಲ್ಲದೆ ಬೇರೇನನ್ನೂ ತಿನ್ನಿಸಬಾರದು. ಪ್ಲಾಸ್ಟಿಕ್ ಚೀಲಗಳನ್ನು ಅವುಗಳ ಬಾಯಿಗೆ ಸಿಗದಂತೆ ಇಟ್ಟುಕೊಳ್ಳಬೇಕು.

ಸಸ್ಯಾಹಾರಿಗಳಿಗೆ ಒಂದು ಮಾತು. ತರಕಾರಿಯಷ್ಟೇ ಕಾಣುವ ಸಾರಿನಲ್ಲೂ ಒಣಮೀನಿನ ರಸವಿರುವುದು ಸಾಮಾನ್ಯ. ಆದುದರಿಂದ ಮಠಗಳ ಶೋಜಿನ್ ಅಡುಗೆ ಬಡಿಸುವ ಭೋಜನಾಲಯವನ್ನು ಮೊದಲೇ ಹುಡುಕಿಟ್ಟುಕೊಳ್ಳಿ.

ಉಳಿದ ಅರ್ಧ ದಿನವನ್ನು ಹೋರ್ಯೂಜಿ ದೇವಾಲಯಕ್ಕೆ ಕೊಡಿ. ನಾರಾದಿಂದ ಜೆ.ಆರ್. (ಜಪಾನ್ ರೈಲ್ವೇಸ್) ರೈಲಿನಲ್ಲಿ ಹತ್ತು ಹನ್ನೆರಡು ನಿಮಿಷ, ನಿಲ್ದಾಣದಿಂದ ಇಪ್ಪತ್ತು ನಿಮಿಷಗಳ ನಡಿಗೆ. ಜಗತ್ತಿನಲ್ಲಿ ಇಂದಿಗೂ ನಿಂತಿರುವ ಅತಿ ಪ್ರಾಚೀನ ಮರದ ಕಟ್ಟಡಗಳು ಅಲ್ಲಿವೆ. ಅವುಗಳ ನಡು ಉಬ್ಬಿದ ಕಂಬಗಳ ಬಳಿ ಅವಸರವಿಲ್ಲದೆ ನಿಲ್ಲುವಷ್ಟು ಹೊತ್ತು ನಿಮ್ಮ ಕೈಯಲ್ಲಿರಲಿ.