ಲೆಕ್ಕಕ್ಕ ಸಿಗದ ಸಕ್ಕರಿ

ನಮಸ್ಕಾರ್ರಿ. ಬೆಳಗಾವಿ, ಬಾಗಲಕೋಟಿ, ವಿಜಯಪುರ, ಈ ಮೂರೂ ಜಿಲ್ಲಾದಾಗ ಕಬ್ಬು ನುರಿಸೂ ಹಂಗಾಮು ಬಂತಂದ್ರ ಎಲ್ಲಾರ ಬಾಯಾಗೂ ರಿಕವರಿ, ರಿಕವರಿ, ಅಂದ್ರ ನೂರು ಕೆಜಿ ಕಬ್ಬಿಗೆ ಎಷ್ಟು ಕೆಜಿ ಸಕ್ಕರಿ ಬಂತು ಅನ್ನೂದು. ನಾ ಇವತ್ತ ಮಾತಾಡೂದು ಅದರ ಕೆಳಗಿನ ಸಾಲಿನ ಬಗ್ಗೆ. ಲ್ಯಾಬ್ ಶೀಟಿನ ಕಡೀಕ ಇರ್ತೈತಿ: ಅನ್‌ಡಿಟರ್ಮಿನ್ಡ್ ಲಾಸ್. ಒಳಗ ಬಂದಿದ್ದು ಖರೆ, ಎಲ್ಲಿ ಹೋತು ಅಂತ ಯಾರಿಗೂ ಗೊತ್ತಿಲ್ಲದ ಸಕ್ಕರಿ.

ಲೆಕ್ಕ ನೋಡ್ರಿ. ದಿನಕ್ಕ 10,000 ಟನ್ ನುರಿಸೂ ಕಾರ್ಖಾನಿ. ಕಬ್ಬಿನ್ಯಾಗ ಪೋಲ್, ಅಂದ್ರ ಬೆಳಕು ಎಷ್ಟು ತಿರುಗ್ತು ಅಂತ ನೋಡಿ ಅಳದ ಸಕ್ಕರಿ, 13 ಪರ್ಸೆಂಟ್. ಚೀಲಕ್ಕ ಬಿದ್ದಿದ್ದು 11. ಬಗ್ಯಾಸ್‌ನ್ಯಾಗ (ರಸ ಹಿಂಡಿ ಉಳಿದ ಸಿಪ್ಪಿ) ಹೋಗಿದ್ದು 0.60, ಪ್ರೆಸ್‌ಮಡ್‌ನ್ಯಾಗ (ರಸ ಸೋಸಿದ ಮಡ್ಡಿ) 0.06, ಮೊಲಾಸಿಸ್‌ನ್ಯಾಗ (ಸಕ್ಕರಿ ತಗದು ಉಳಿದ ಕಾಕಂಬಿ) 1.20. ಕೂಡಿಸಿದ್ರ 12.86. ಉಳಿದ 0.14 ಎಲ್ಲಿ? ಸಣ್ಣ ಅಂಕಿ ಕಾಣ್ತೈತಿ, ಆದ್ರ ಅದು ದಿನಕ್ಕ 14 ಟನ್ ಸಕ್ಕರಿ.

ಈಗ ಮೀಟಿಂಗ್ ಇರ್ತೈತಿ, ಜನರಲ್ ಮ್ಯಾನೇಜರ್ ಕೇಳ್ತಾರ, ಕೆಮಿಸ್ಟ್ ಬೆವರ್ತಾನ. ಸುಲಭದ ದಾರಿ ಒಂದೈತಿ. ಬಗ್ಯಾಸ್ ಪೋಲ್ 2.0 ಇದ್ದಿದ್ದನ್ನ 2.4 ಅಂತ ಬರದ್ರ ಆತು. ಬಗ್ಯಾಸ್ ಕಬ್ಬಿನ 30 ಪರ್ಸೆಂಟ್ ಅಂತ ಹಿಡೀರಿ, 0.60 ಇದ್ದದ್ದು 0.72 ಆಗ್ತೈತಿ, 0.14 ಇದ್ದ ಗುಂಡಿ 0.02ಕ್ಕ ಇಳೀತೈತಿ. ಬಗ್ಯಾಸ್‌ನ ಯಾಕ ಆರಿಸ್ತಾರ? ಭಾಳ ಕಡೆ ಅದನ್ನ ಯಾರೂ ತೂಗೂದ ಇಲ್ಲ. ಕಬ್ಬಿನ ತೂಕಕ್ಕ ಇಂಬಿಬಿಷನ್ ನೀರು (ಹಿಂಡೂವಾಗ ಸಿಪ್ಪಿ ಮ್ಯಾಲ ಬಿಡೂ ನೀರು) ಕೂಡಿಸಿ, ಮಿಕ್ಸ್ಡ್ ಜ್ಯೂಸ್ (ಮಿಲ್‌ನಿಂದ ಹೊರಬಂದ ಒಟ್ಟು ರಸ) ಕಳದ್ರ ಉಳಿಯೂದ ಬಗ್ಯಾಸ್. ನೀರಿನ ಮೀಟರ್ ತಪ್ಪಿದ್ರೂ, ಜ್ಯೂಸ್ ಮೀಟರ್ ತಪ್ಪಿದ್ರೂ, ಮನಶ್ಯಾನ ಪೆನ್ ತಪ್ಪಿದ್ರೂ ಎಲ್ಲಾ ಅಲ್ಲೇ ಮುಚ್ಚಿ ಹೋಗ್ತೈತಿ.

ಇದ್ರಾಗ ಯಾರಿಗೇನು ನಷ್ಟ ಅಂತೀರಿ? ಮರುದಿನ ಮಿಲ್ ಹೌಸ್ ಇಂಜಿನಿಯರ್‌ಗ ಬೈಗುಳ. ಅವ ರೋಲರ್ ಬಿಗಿ ಮಾಡ್ತಾನ, ಇಂಬಿಬಿಷನ್ ನೀರು ಏರಿಸ್ತಾನ. ಕಬ್ಬಿನ ಮ್ಯಾಲ 5 ಪರ್ಸೆಂಟ್ ನೀರು ಹೆಚ್ಚಾತು ಅಂದ್ರ ದಿನಕ್ಕ 500 ಟನ್ ನೀರನ್ನ ಇವಾಪೊರೇಟರ್ ಕುದಿಸಿ ಹೊರಗ ಹಾಕಬೇಕು. ಒಂದರ ಆವಿ ಇನ್ನೊಂದನ್ನ ಕುದಿಸೂ ಐದು ಬಾಡಿಯ ಸೆಟ್ ಇದ್ರೂ ಹತ್ತಿರಹತ್ತಿರ 100 ಟನ್ ಸ್ಟೀಮ್ ದಂಡ. ಮಿಲ್‌ನ್ಯಾಗ ರೋಗ ಇರಲೇ ಇಲ್ಲ. ಇದ್ದದ್ದು ಬ್ಯಾರೆ ಕಡೆ, ಅದು ಹಂಗ ಮುಂದುವರೀತೈತಿ.

ಎಲ್ಲಿ ಹುಡುಕಬೇಕು? ಮೊದಲು ಕ್ಲಾರಿಫೈಯರ್, ಜ್ಯೂಸಿನ ಮಡ್ಡಿ ತಳಕ್ಕ ಕುಂಡ್ರಸೂ ಟ್ಯಾಂಕ್. ಸಲ್ಫಿಟೇಷನ್ ಆದ, ಅಂದ್ರ ಸುಣ್ಣ ಮತ್ತು ಗಂಧಕದ ಗ್ಯಾಸು ಬಿಟ್ಟು ಶುದ್ಧ ಮಾಡಿದ ಜ್ಯೂಸಿನ ಪಿಎಚ್ 7.0ರಿಂದ 7.2ರ ಒಳಗ ಇರಬೇಕು. ಶೀಟ್‌ನ್ಯಾಗ 24 ತಾಸೂ 7.1, 7.1, 7.1 ಅಂತ ಇದ್ರ ನಂಬಬ್ಯಾಡ್ರಿ. ಸುಣ್ಣದ ಹಾಲು, ಗಂಧಕದ ಗ್ಯಾಸು, ಕಬ್ಬಿನ ಜಾತಿ ಎಲ್ಲಾ ಬದಲಾಗ್ತಿರುವಾಗ ಖರೆ ಪಿಎಚ್ ಅಷ್ಟು ನೆಟ್ಟಗ ನಿಲ್ಲೂದಿಲ್ಲ. ಒಂದೋ ಕುಂತಲ್ಲೇ ಬರದಾರ, ಇಲ್ಲಾ ಎಲೆಕ್ಟ್ರೋಡ್ ಮ್ಯಾಲ ಕ್ಯಾಲ್ಸಿಯಂ ಸಲ್ಫೈಟ್ ಪದರು ಕುಂತು ಅದು ಸತ್ತೈತಿ. ದುರ್ಬಲ ಹೈಡ್ರೋಕ್ಲೋರಿಕ್ ಆ್ಯಸಿಡ್‌ನ್ಯಾಗ ತೊಳೀರಿ, ಪಿಎಚ್ 7 ಮತ್ತು 4 ಅಂತ ಗೊತ್ತಿರೂ ಬಫರ್ ದ್ರಾವಣದಾಗ ಹಾಕಿ ನೋಡ್ರಿ, ಪಾಳಿಗೊಮ್ಮೆ. ಪಿಎಚ್ 7ರಿಂದ 6ಕ್ಕ ಜಾರಿದ್ರ ಸುಕ್ರೋಸ್, ಅಂದ್ರ ನಮ್ಮ ಸಕ್ಕರಿ, ಒಡಿಯೂ ವೇಗ ಹತ್ತು ಪಟ್ಟು. ಮಿಲ್ ನಿಂತು, ನೂರು ಡಿಗ್ರಿ ಸಮೀಪದ ಜ್ಯೂಸ್ ಕ್ಲಾರಿಫೈಯರ್‌ನ್ಯಾಗ ತಾಸುಗಟ್ಟಲೆ ಕುಂತ್ರ ಅದರ ಪರಿಣಾಮ ನೀವ ಊಹಿಸ್ರಿ.

ಅದು ಖರೆ ಅಲ್ಲೇ ಒಡದೈತೇನು ಅಂತ ಪಕ್ಕಾ ಮಾಡೂದು ಕಠಿಣಲ್ಲ. ಮಿಕ್ಸ್ಡ್ ಜ್ಯೂಸಿನಾಗ ಮತ್ತು ಸಿರಪ್‌ನ್ಯಾಗ (ಕುದಿಸಿ ದಪ್ಪಾದ ರಸ) ರಿಡ್ಯೂಸಿಂಗ್ ಶುಗರ್, ಅಂದ್ರ ಸುಕ್ರೋಸ್ ಒಡದು ಆಗೂ ಸಕ್ಕರಿ, ಎಷ್ಟೈತಿ ಅಂತ ನೂರು ಬ್ರಿಕ್ಸ್‌ಗ (ಕರಗಿದ ಒಟ್ಟು ಘನ ಪದಾರ್ಥ) ಲೆಕ್ಕ ಹಾಕಿ ಹೋಲಿಸ್ರಿ. ಏರಿದ್ದನ್ನ 0.95ರಿಂದ ಗುಣಿಸಿದ್ರ ಕಳಕೊಂಡ ಸುಕ್ರೋಸ್ ಸಿಗ್ತೈತಿ. 342 ಭಾಗ ಸುಕ್ರೋಸ್ 18 ಭಾಗ ನೀರು ಹಿಡದು 360 ಆಗ್ತೈತಿ, ಅದಕ್ಕ 0.95. ಒಂದು ಎಚ್ಚರ: ಸುಣ್ಣ ಜಾಸ್ತಿಯಾಗಿ ಪಿಎಚ್ 8 ದಾಟಿದ್ದ ಪಾಳಿ ಇದ್ರ ರಿಡ್ಯೂಸಿಂಗ್ ಶುಗರ್ ತಾನ ಸುಟ್ಟು ಬಣ್ಣ ಆಗಿರ್ತೈತಿ, ಈ ಹೋಲಿಕಿ ನಡಿಯೂದಿಲ್ಲ.

ಎರಡನೇದು ಇವಾಪೊರೇಟರ್ ಕಡೀ ಬಾಡಿ, ಮತ್ತ ಹರಳು ಕಟ್ಟಿಸೂ ಪ್ಯಾನಿನ ಆವಿ ತಣಿಸೂ ಕಂಡೆನ್ಸರ್. ಜ್ಯೂಸ್ ಲೆವೆಲ್ ಟ್ಯೂಬಿನ ಎತ್ತರದ ಮೂರರಲ್ಲಿ ಒಂದು ಭಾಗದ ಸುತ್ತ ಇರಬೇಕು. ಏರಿಸಿ ನಡಸಿದ್ರ, ವ್ಯಾಕ್ಯೂಮ್ ಹೊಯ್ದಾಡಿದ್ರ, ಹನಿ ಹನಿ ಸಕ್ಕರಿ ಆವಿ ಜೋಡಿ ಹೋಗಿ ಸ್ಪ್ರೇ ಪಾಂಡ್, ಅಂದ್ರ ಕಂಡೆನ್ಸರ್ ನೀರು ತಣಿಸೂ ಹೊಂಡ, ಸೇರ್ತೈತಿ. ಆ ನೀರಿಗೆ ಆಲ್ಫಾ ನಾಫ್ಥಾಲ್ ಹಾಕಿ ಸಲ್ಫ್ಯೂರಿಕ್ ಆ್ಯಸಿಡ್ ಬಿಟ್ರ ನೇರಳೆ ಉಂಗುರ ಕಾಣ್ತೈತಿ, ಎರಡು ನಿಮಿಷದ ಕೆಲಸ. ಇದನ್ನ ಬಾಯ್ಲರ್‌ಗ ಹೋಗೂ ಕಂಡೆನ್ಸೇಟ್‌ಗೂ ಮಾಡ್ರಿ. ಅಲ್ಲಿ ಸಕ್ಕರಿ ಹೋತಂದ್ರ ಡ್ರಮ್ ನೀರು ಹುಳಿ ಆಗಿ ನೊರೆ ಏಳ್ತೈತಿ.

ಮೂರನೇದು ಯಾರೂ ಹೇಳದ ಮಾತು. ಯಾರ್ಡ್‌ನ್ಯಾಗ ಟ್ರ್ಯಾಕ್ಟರ್ ಎರಡು ದಿನ ನಿಂತ್ರ ಕಬ್ಬಿನ್ಯಾಗ ಲ್ಯೂಕೊನಾಸ್ಟಾಕ್ ಅನ್ನೂ ಬ್ಯಾಕ್ಟೀರಿಯಾ ಬೆಳದು ಡೆಕ್ಸ್‌ಟ್ರಾನ್ ಅನ್ನೂ ಅಂಟು ಆಗ್ತೈತಿ. ಅದು ಪೋಲರಿಮೀಟರ್‌ನ್ಯಾಗ ಬೆಳಕನ್ನ ಸುಕ್ರೋಸ್‌ಗಿಂತ ಸುಮಾರು ಮೂರು ಪಟ್ಟು ತಿರುಗಿಸ್ತೈತಿ. ಇಲ್ಲದ ಸಕ್ಕರಿ ಒಳಗ ಬಂತು ಅಂತ ಬರೀತೀರಿ, ಆಮ್ಯಾಲ ಅದು ಕಳೀತು ಅಂತ ಹುಡುಕ್ತೀರಿ.

ಈಗ ರೈತನ ಮಾತಿಗೆ ಬರೋಣ. 2025–26ಕ್ಕ ಎಫ್‌ಆರ್‌ಪಿ, ಅಂದ್ರ ಕೇಂದ್ರ ಸರ್ಕಾರ ಕಬ್ಬಿಗೆ ಕಟ್ಟಿದ ಕನಿಷ್ಠ ದರ, 10.25 ರಿಕವರಿಗೆ ಕ್ವಿಂಟಲ್‌ಗ 355 ರೂಪಾಯಿ. ಅದರ ಮ್ಯಾಲ ಪ್ರತಿ 0.1ಕ್ಕ 3.46 ರೂಪಾಯಿ, ಅಂದ್ರ ಟನ್ನಿಗೆ 34 ರೂಪಾಯಿ 60 ಪೈಸೆ. 10,000 ಟನ್ನಿಗೆ ಮೂರೂವರೆ ಲಕ್ಷದ ಸಮೀಪ, ಒಂದ ದಿನಕ್ಕ. ಬಿ ಹೆವಿ, ಅಂದ್ರ ಸಕ್ಕರಿ ಪೂರಾ ತಗೀದ, ಮೊಲಾಸಿಸ್‌ನ ಇಥೆನಾಲ್‌ಗ ಕಳಸಿದ್ರ ಅದ್ರಾಗಿನ ಸಕ್ಕರಿ ಮತ್ತ ರಿಕವರಿಗೆ ಕೂಡಿಸಬೇಕು, ಆ ಲೆಕ್ಕಾನೂ ಲ್ಯಾಬ್ ಅಂಕಿ ಮ್ಯಾಲ ನಿಂತೈತಿ. 2025ರ ನವೆಂಬರ್‌ನ್ಯಾಗ ಬೆಳಗಾವಿ ಜಿಲ್ಲಾದ ಗುರ್ಲಾಪುರ ಕ್ರಾಸ್‌ನ್ಯಾಗ ರೈತ್ರು ಕಟಾವು, ಸಾಗಾಣಿ ಖರ್ಚು ಬಿಟ್ಟು ಟನ್ನಿಗೆ 3,500 ಕೇಳಿ ಕುಂತಾಗ ಕಾರ್ಖಾನಿ ಅಂಕಿ ಮ್ಯಾಲ ಅವ್ರಿಗೆ ನಂಬಿಕಿ ಇರಲಿಲ್ಲ ಅಂದ್ರ ಅದಕ್ಕ ನಮ್ಮ ಕೆಮಿಕಲ್ ಇಂಜಿನಿಯರ್ ವೃತ್ತಿಯವ್ರೂ ಪಾಲುದಾರ್ರು.

ನನ್ನ ಖರೆ ಸಿಟ್ಟು ಮುಂದೈತಿ. ಬಗ್ಯಾಸ್ ಪೋಲ್ ತಿದ್ದಿ ರೂಢಿ ಆದ ಕೈ, ಟ್ಯಾಂಕಿಗೆ ಇಳಿಯೂ ಪರ್ಮಿಟ್‌ಗೂ ಹಂಗ ಸಹಿ ಮಾಡ್ತೈತಿ. ಮುಂಜಾನೆ ಎಂಟಕ್ಕ ಆಫೀಸ್‌ನ್ಯಾಗ ಕುಂತು ಎಲ್ಲಾ ಸಾಲಿಗೂ ಆಕ್ಸಿಜನ್ 20.9 ಪರ್ಸೆಂಟ್ ಅಂತ ಬರೀತೈತಿ, ಹೊರಗಿನ ಗಾಳಿಯಾಗ ಇದ್ದಷ್ಟ. ಮೀಟರ್ ಕಪಾಟದಾಗ. ಹುಳಿ ಬಂದ ಮೊಲಾಸಿಸ್ ಪಿಟ್ ತಳದಾಗ ಕಾರ್ಬನ್ ಡೈಆಕ್ಸೈಡ್ ಕುಂತಿರ್ತೈತಿ, ಗಾಳಿಗಿಂತ ಒಂದೂವರೆ ಪಟ್ಟು ಭಾರ. ಸ್ಪೆಂಟ್ ವಾಶ್ (ಡಿಸ್ಟಿಲರಿ ಕೊಳೆ ನೀರು) ಕೊಳಸೂ ಡೈಜೆಸ್ಟರ್‌ನ್ಯಾಗ ಹೈಡ್ರೋಜನ್ ಸಲ್ಫೈಡ್. 100 ಪಿಪಿಎಂ ಸುತ್ತ ಮೂಗು ಆ ವಾಸನಿ ಹಿಡಿಯೂದ ಬಿಡ್ತೈತಿ, ಹಂಗಾಗಿ ವಾಸನಿ ಇಲ್ಲ ಅನ್ನೂದು ಸಾಕ್ಷಿ ಅಲ್ಲ. ವಾಲ್ವ್ ಮುಚ್ಚಿದ್ರ ಸಾಲದು, ಪೈಪಿಗೆ ಬ್ಲೈಂಡ್ (ಗಟ್ಟಿ ಲೋಹದ ತಟ್ಟಿ) ಹಾಕ್ರಿ. ಮ್ಯಾಲ, ನಡುವ, ತಳದಾಗ ಮೂರೂ ಕಡೆ ಅಳೀರಿ: ಆಕ್ಸಿಜನ್ 19.5ರ ಮ್ಯಾಲ, ಸುಡೂ ಗ್ಯಾಸ್ ಎಲ್‌ಇಎಲ್‌ನ (ಬೆಂಕಿ ಹತ್ತಾಕ ಸಾಕಾಗೂ ಕನಿಷ್ಠ ಮಟ್ಟ) 10 ಪರ್ಸೆಂಟ್ ಒಳಗ, ಸಲ್ಫೈಡ್ 10 ಪಿಪಿಎಂ ಒಳಗ. ಕೆಸರು ಕೆದಕಿದ ಮ್ಯಾಲ ಮತ್ತೊಮ್ಮೆ ಅಳೀರಿ, ಯಾಕಂದ್ರ ಗ್ಯಾಸ್ ಕೆಸರಿನೊಳಗ ಇರ್ತೈತಿ. ದೀಪ 24 ವೋಲ್ಟ್, ಹೊರಗೊಬ್ಬ ಕಾವಲು, ಹಾರ್ನೆಸ್ ಹಗ್ಗ ಟ್ರೈಪಾಡ್‌ಗ ಕಟ್ಟಿರಬೇಕು. ಟ್ಯಾಂಕಿಗೆ ಇಳಿಯೂ ಮಾತು, 24 ವೋಲ್ಟ್ ಮಾತು, 2025ರ ನವೆಂಬರ್‌ತನಕ ಇದ್ದ 1948ರ ಕಾರ್ಖಾನೆ ಕಾಯ್ದೆಯ 36ನೇ ಕಲಂ ಸುತ್ತ ಬರದದ್ದ ಇತ್ತು. ಬಿದ್ದವನ್ನ ಎತ್ತಾಕ ಹೋಗಿ ಎರಡನೇಯವ ಸಾಯೂದು ಉಸಿರಾಟದ ಸೆಟ್ ಇಲ್ಲದ್ದಕ್ಕ.

ಲೆಕ್ಕಪರಿಶೋಧಕರಿಗೆ 1949ರ ಕಾಯ್ದೆ ಐತಿ, ವಕೀಲ್ರಿಗೆ 1961ರದು. ತಪ್ಪಿದ್ರ ಸನ್ನದು ಹೋಗ್ತೈತಿ. ಬಾಯ್ಲರ್ ನಡಸೂವವಗೂ ಸರ್ಕಾರಿ ಪರೀಕ್ಷೆ ಐತಿ. ಕೆಮಿಕಲ್ ಇಂಜಿನಿಯರ್‌ಗ ಅಂಥಾ ಸನ್ನದ ಇಲ್ಲ, ಕಳಕೊಳ್ಳೂದೇನು? ಕಾಯ್ದೆ ಬರೂತನಕ ಕಾಯಬೇಕಾಗಿಲ್ಲ. ಬೆಳಗಾವಿಯಾಗ ವಿಟಿಯು ಐತಿ, ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಐತಿ. ಪೋಲ್ ತೆಗಿಯೂದನ್ನ ಕಲಿಸೂವಾಗ, ಶೀಟ್ ತಿದ್ದೂ ರೀತಿಯನ್ನೂ ಪ್ರಾಕ್ಟಿಕಲ್‌ನ್ಯಾಗ ಅಂಕ ಇಟ್ಟು ಕಲಿಸ್ರಿ. ವೈಟ್ನರ್ ಬ್ಯಾಡ. ತಪ್ಪಿದ ಅಂಕಿ ಮ್ಯಾಲ ಓದಾಕ ಬರೂ ಹಂಗ ಒಂದು ಗೀಟು, ಪಕ್ಕದಾಗ ಹೊಸದು, ವ್ಯಾಳ್ಯಾ, ಸಹಿ, ಕಾರಣ. ಮ್ಯಾನೇಜರ್ 2.4 ಬರೀ ಅಂದ್ರ, ಪಾಳಿ ಕೆಮಿಸ್ಟ್ ತಾ ಕಂಡ 2.0 ಬರದು ಶೀಟನ್ನ ಅವರ ಮುಂದ ಇಡಲಿ. ಗೀಟು, ವ್ಯಾಳ್ಯಾ, ಕಾರಣ, ಸಹಿ ಎಲ್ಲಾ ಅವರ ಕೈಲೆ ಆಗಲಿ.